ದೋಣಿ ಮಗುಚಿದಾಗ

ಕೃಷ್ಣರಾಜ ಮಾರುಕಟ್ಟೆಯಲ್ಲಿ ನಾವು ನೋಡಿದ್ದೇವೆ. ಮೂಟೆ ಹೇರಿದ ಕೈಗಾಡಿ ವಾಲಿ ಮಗುಚುತ್ತದೆ. ಗಾಡಿಯವನು ತಕ್ಷಣ ಎತ್ತಲು ಹೋಗುವುದಿಲ್ಲ. ಮೊದಲು ಹಗ್ಗ ಬಿಚ್ಚಿ ಮೂಟೆ ಇಳಿಸುತ್ತಾನೆ. ಆಮೇಲೆ ಗಾಡಿ ಎತ್ತುತ್ತಾನೆ.

ನೀರಿನಲ್ಲಿ ದೋಣಿ ಮಗುಚಿದರೆ?

"ಹೂವು ಮಾರೋ ನಮಗೆ ದೋಣಿ ಮಾತು ಯಾಕೆ?" ಅನ್ನಬೇಡಿ ಅಕ್ಕ. ಜಾತ್ರೆ, ಪ್ರವಾಸ ಅಂತ ನಾವೂ ದೋಣಿ ಹತ್ತುತ್ತೇವೆ.

ಕ್ಯಾಟಮರಾನ್ ಎಂಬ ಹಾಯಿದೋಣಿ ಇದೆ. ತಮಿಳಿನ 'ಕಟ್ಟುಮರಂ' ಎಂಬ ಮಾತಿನಿಂದ ಬಂದ ಹೆಸರು. ಅಂದರೆ ಕಟ್ಟಿದ ಮರ. ಈಗಿನ ಕ್ಯಾಟಮರಾನಿನಲ್ಲಿ ಎರಡು ಸಪೂರ ದೋಣಿಗಳನ್ನು ಅಕ್ಕಪಕ್ಕ ಜೋಡಿಸಿರುತ್ತಾರೆ. ನಡುವೆ ಕಂಬ. ಕಂಬಕ್ಕೆ ಬಟ್ಟೆಯ ಹಾಯಿ.

ಗಾಳಿ ಜೋರಾದರೆ ಇದು ಅಡ್ಡ ಬೀಳುತ್ತದೆ. ಕಲಿತವರು ಆಗ ಗಾಬರಿಯಾಗುವುದಿಲ್ಲ. ಮೊದಲು ತಲೆ ಎಣಿಸುತ್ತಾರೆ. ಯಾರೂ ದೋಣಿ ಬಿಟ್ಟು ಈಜಿ ಹೋಗುವುದಿಲ್ಲ. ಹಾಯಿಯ ಹಗ್ಗ ಸಡಿಲ ಬಿಡುತ್ತಾರೆ. ಗಾಡಿಯವನು ಮೂಟೆ ಇಳಿಸಿದ ಹಾಗೆ. ಹಗ್ಗ ಬಿಗಿಯಾಗಿದ್ದರೆ ಎದ್ದ ದೋಣಿ ಗಾಳಿ ಹಿಡಿದು ಓಡುತ್ತದೆ, ಇಲ್ಲವೇ ಮತ್ತೆ ಬೀಳುತ್ತದೆ.

ದೋಣಿಯ ಮುಂಭಾಗವನ್ನು ಗಾಳಿ ಬರುವ ಕಡೆಗೆ ತಿರುಗಿಸುತ್ತಾರೆ. ಕೆಳಗಿನ ದೋಣಿಯ ಮೇಲೆ ನಿಲ್ಲುತ್ತಾರೆ. ಮೇಲಿನದರಿಂದ ಬಂದ ಹಗ್ಗ ಹಿಡಿದು ಹಿಂದಕ್ಕೆ ಒರಗುತ್ತಾರೆ. ಕೈಬಲ ಅಲ್ಲ, ಮೈಭಾರ. ಒಬ್ಬರ ಭಾರ ಸಾಲದಿದ್ದರೆ ಇಬ್ಬರು. ಕಂಬ ನೀರಿನಿಂದ ಸ್ವಲ್ಪ ಎದ್ದರೆ ಗಾಳಿಯೂ ಹಾಯಿಯ ಅಡಿ ನುಗ್ಗಿ ಎತ್ತುತ್ತದೆ. ಮೇಲಿನ ದೋಣಿ ಧೊಪ್ಪನೆ ಬೀಳುವಾಗ ತಲೆ ಜೋಪಾನ! ಹತ್ತಿರ ಕರೆಂಟ್ ತಂತಿ ಇದ್ದರೆ ಕಂಬ ಎತ್ತಲೇಬಾರದು.

ನಾವು ಹತ್ತುವ ಹರಿಗೋಲು, ಜಾತ್ರೆಯ ದೋಣಿ ಬೇರೆ. ಅದನ್ನು ಎತ್ತುವ ಗೋಜು ನಮಗೆ ಬೇಡ. ಮಗುಚಿದ ದೋಣಿ ತೇಲುತ್ತಿದ್ದರೆ ಅದನ್ನೇ ಹಿಡಿದುಕೊಳ್ಳೋಣ. ಕೂಗಿ ಕರೆಯೋಣ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರಿಗೂ ಕಷ್ಟ. ಅದಕ್ಕೇ ತೇಲುವ ಜಾಕೆಟ್ ಬೇಕು.

2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ಜಾತ್ರೆಗೆ ಹೋದವರ ದೋಣಿ ಸಮುದ್ರದಲ್ಲಿ ಮಗುಚಿತು. 16 ಜನ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು.

ದೋಣಿ ಹತ್ತುವ ಮೊದಲೇ ಕೇಳೋಣ: "ಅಣ್ಣಾ, ಇದು ಎಷ್ಟು ಜನ ಕೂರೋ ದೋಣಿ? ಜಾಕೆಟ್ ಎಲ್ಲಿ?" ಜಾಕೆಟ್ ಇಲ್ಲ ಅಂದರೆ ಇಳಿದುಬಿಡೋಣ. ಕೊಟ್ಟ ದುಡ್ಡು ಹೋದರೆ ಹೋಗಲಿ.

ಓದಿ, ಬರೆಯಿರಿ: ದೋಣಿ, ಹಾಯಿ, ಹಗ್ಗ, ಗಾಳಿ, ಜಾಕೆಟ್.