ವಾಯುಗುಣದ ಬದಲಾವಣೆ ಮತ್ತು ಮಕ್ಕಳ ರಕ್ಷಣೆ

ಒಂದು ಪ್ರದೇಶದಲ್ಲಿ ದಿನದಿನವೂ ಕಂಡುಬರುವ ಬಿಸಿಲು, ಮಳೆ, ಗಾಳಿಗಳ ಸ್ಥಿತಿಗೆ ಹವಾಮಾನವೆಂದು ಹೆಸರು. ಹಲವು ದಶಕಗಳ ಹವಾಮಾನದ ಒಟ್ಟು ಸ್ವರೂಪವೇ ವಾಯುಗುಣ. ಕಲ್ಲಿದ್ದಲು, ಪೆಟ್ರೋಲಿಯಂ ಮೊದಲಾದ ಇಂಧನಗಳ ದಹನದಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಅನಿಲವು ವಾತಾವರಣದಲ್ಲಿ ಸಂಚಯಗೊಂಡು ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ತತ್ಪರಿಣಾಮವಾಗಿ ಬಿಸಿಗಾಳಿ, ಅತಿವೃಷ್ಟಿ ಮತ್ತು ಬರಗಾಲಗಳು ತೀವ್ರಗೊಳ್ಳುತ್ತಿವೆ. ಈ ಬದಲಾವಣೆಗೆ ಕಿಂಚಿತ್ತೂ ಕಾರಣರಲ್ಲದ ಮಕ್ಕಳೇ ಅದರ ಹೆಚ್ಚಿನ ಹೊರೆಯನ್ನು ಹೊರಬೇಕಾಗಿದೆ. 2021ರಲ್ಲಿ ಯುನಿಸೆಫ್ ಪ್ರಕಟಿಸಿದ ಸೂಚ್ಯಂಕದ ಪ್ರಕಾರ ಸುಮಾರು 100 ಕೋಟಿ ಮಕ್ಕಳು ಅತ್ಯಧಿಕ ಅಪಾಯವಿರುವ 33 ದೇಶಗಳಲ್ಲಿ ವಾಸಿಸುತ್ತಿದ್ದಾರೆ. ಭಾರತವೂ ಅವುಗಳಲ್ಲೊಂದು.

ಮಕ್ಕಳಿಗೆ ಅಪಾಯ ಹೆಚ್ಚೇಕೆ?

ದೇಹದ ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತಾರವು ವಯಸ್ಕರಿಗಿಂತ ಹೆಚ್ಚು. ಬೆವರುವ ಶಕ್ತಿ ಕಡಿಮೆ. ಆದುದರಿಂದ ಸುತ್ತಲಿನ ಶಾಖ ಅದರ ಮೈಗೆ ಬೇಗನೆ ಏರುತ್ತದೆ. ಉಸಿರಾಟವು ವೇಗವಾಗಿರುವುದರಿಂದ ಮಲಿನ ವಾಯುವೂ ಅಧಿಕ ಪ್ರಮಾಣದಲ್ಲಿ ಶ್ವಾಸಕೋಶವನ್ನು ಸೇರುತ್ತದೆ. ನೆರೆಯಿಂದ ಕುಡಿಯುವ ನೀರು ಕೆಟ್ಟಾಗ ಅತಿಸಾರ, ನೀರು ನಿಂತಲ್ಲಿ ಸೊಳ್ಳೆ ಬೆಳೆದು ಡೆಂಗೆ ಜ್ವರ, ಬೆಳೆ ಕೈಕೊಟ್ಟಾಗ ಅಪೌಷ್ಟಿಕತೆ ಮೊದಲು ತಟ್ಟುವುದು ಎಳೆಯರಿಗೆ. ಬಾಯಾರಿಕೆಯನ್ನು ಹೇಳಿಕೊಳ್ಳಲಾರದ ಕೂಸು ಸಂಪೂರ್ಣವಾಗಿ ಹಿರಿಯರನ್ನೇ ಅವಲಂಬಿಸಿರುತ್ತದೆ.

ಅಹಮದಾಬಾದಿನ ಪಾಠ

2010ರ ಮೇ ತಿಂಗಳಿನಲ್ಲಿ ಅಹಮದಾಬಾದಿನ ಉಷ್ಣತೆಯು 46.8 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಆ ಒಂದೇ ತಿಂಗಳಿನಲ್ಲಿ ನಿರೀಕ್ಷಿತ ಸಂಖ್ಯೆಗಿಂತ 1,344 ಮರಣಗಳು ಹೆಚ್ಚಾಗಿ ಸಂಭವಿಸಿದವೆಂದು ಅಧ್ಯಯನಗಳಿಂದ ತಿಳಿದುಬಂದಿದೆ. ಹವಾನಿಯಂತ್ರಣವಿಲ್ಲದ ಆಸ್ಪತ್ರೆಯೊಂದರಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಶಾಖದ ಕಾರಣದಿಂದಲೇ ತೀವ್ರ ನಿಗಾ ಘಟಕಕ್ಕೆ 24 ನವಜಾತ ಶಿಶುಗಳನ್ನು ಸೇರಿಸಬೇಕಾಯಿತು. ಹಿಂದಿನ ವರ್ಷ ಈ ಸಂಖ್ಯೆ 8, ಮರುವರ್ಷ 4. ಉಷ್ಣತೆಯು 42 ಡಿಗ್ರಿಯನ್ನು ಮೀರಿದ ಮೇಲೆ ಪ್ರತಿಯೊಂದು ಡಿಗ್ರಿಯ ಏರಿಕೆಗೂ ಇಂತಹ ದಾಖಲಾತಿ ಶೇಕಡಾ 43ರಷ್ಟು ಹೆಚ್ಚುತ್ತಿತ್ತು. ಬಳಿಕ ಹೆರಿಗೆ ವಾರ್ಡನ್ನು ಕೆಳಗಿನ ಮಹಡಿಗೆ ಸ್ಥಳಾಂತರಿಸಲಾಯಿತು. ಇದರಿಂದ ಶಾಖದ ಕಾರಣದ ದಾಖಲಾತಿ ಶೇಕಡಾ 64ರಷ್ಟು ಇಳಿಯಿತೆಂದು ಅಧ್ಯಯನವು ಅಂದಾಜು ಮಾಡಿದೆ. ದೊಡ್ಡ ವೆಚ್ಚವಿಲ್ಲದ ಒಂದು ವಿವೇಕದ ಕ್ರಮವು ಹಸುಗೂಸುಗಳಿಗೆ ರಕ್ಷೆಯಾಯಿತು. 2013ರಲ್ಲಿ ಈ ನಗರವು ಮುನ್ನೆಚ್ಚರಿಕೆ, ವೈದ್ಯರ ತರಬೇತಿ ಮತ್ತು ಜನಜಾಗೃತಿಗಳನ್ನೊಳಗೊಂಡ ಶಾಖ ನಿರ್ವಹಣಾ ಯೋಜನೆಯನ್ನು ಜಾರಿಗೆ ತಂದಿತು. ಅದು ಇತರ ನಗರಗಳಿಗೂ ಮಾದರಿಯಾಯಿತು.

ರಾಷ್ಟ್ರೀಯ ನೀತಿ

ವಾಯುಗುಣ ಬದಲಾವಣೆಯ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು 2008ರ ಜೂನ್ 30ರಂದು ಪ್ರಕಟಿಸಲಾಯಿತು. ಸೌರಶಕ್ತಿ, ಇಂಧನ ದಕ್ಷತೆ, ಸುಸ್ಥಿರ ವಸತಿ, ಜಲ, ಹಿಮಾಲಯದ ಪರಿಸರ, ಹಸಿರು ಭಾರತ, ಸುಸ್ಥಿರ ಕೃಷಿ ಹಾಗೂ ಜ್ಞಾನ ಸಂವರ್ಧನೆ ಎಂಬ ಎಂಟು ಅಭಿಯಾನಗಳು ಅದರಲ್ಲಿವೆ. 2019ರಲ್ಲಿ ವಾಯುಗುಣ ಬದಲಾವಣೆ ಮತ್ತು ಮಾನವ ಆರೋಗ್ಯ ಕುರಿತ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಯಿತು. 2070ರ ವೇಳೆಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವುದಾಗಿ ಭಾರತವು 2021ರಲ್ಲಿ ಘೋಷಿಸಿತು. 2020ರಲ್ಲಿ ಜನಿಸಿದ ಮಗುವಿಗೆ ಆಗ 50 ವರ್ಷ ತುಂಬಿರುತ್ತದೆ. ಹೊರಸೂಸುವಿಕೆಯ ನಿಯಂತ್ರಣದಷ್ಟೇ, ಅಲ್ಲಿಯವರೆಗೆ ಆ ಮಗುವನ್ನು ಬಿಸಿಲು ನೆರೆಗಳಿಂದ ಕಾಪಾಡುವುದೂ ಅಗತ್ಯ.

ಇದಕ್ಕೆ ಕಾನೂನಿನ ಆಧಾರವೂ ಉಂಟು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 1992ರಲ್ಲಿ ಅಂಗೀಕರಿಸಿತು. ವಾಯುಗುಣ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೆಯ ಅನುಚ್ಛೇದಗಳಲ್ಲಿ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2024ರ ಮಾರ್ಚ್ 21ರ ತೀರ್ಪಿನಲ್ಲಿ ಮನ್ನಿಸಿತು.

ಉಳಿದಿರುವ ಕಾರ್ಯ

2008ರ ಎಂಟು ಅಭಿಯಾನಗಳಲ್ಲಿ ಮಕ್ಕಳಿಗೆಂದೇ ಮೀಸಲಾದುದು ಒಂದೂ ಇಲ್ಲ. ಅಂಗನವಾಡಿಯ ಛಾವಣಿ, ಶಾಲೆಯ ವೇಳಾಪಟ್ಟಿ, ಕುಡಿಯುವ ನೀರು, ಹೆರಿಗೆ ವಾರ್ಡು ಇವೆಲ್ಲವೂ ವಾಯುಗುಣ ನೀತಿಯ ವ್ಯಾಪ್ತಿಗೆ ಬಂದಾಗಲೇ ನೀತಿಯು ಮಗುವನ್ನು ಮುಟ್ಟುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುವ ಅನೇಕ ಕುಟುಂಬಗಳು ಕಟ್ಟಡ ಕಾಮಗಾರಿಯ ಬಳಿ ತಗಡಿನ ಶೆಡ್ಡುಗಳಲ್ಲಿ ವಾಸಿಸುತ್ತವೆ. ಬಿಸಿಗಾಳಿಯ ಮುನ್ನೆಚ್ಚರಿಕೆಯು ಅವರಿಗೆ ತಿಳಿಯುವ ಭಾಷೆಯಲ್ಲಿ ತಲುಪದಿದ್ದರೆ ಅದರ ಉದ್ದೇಶ ಈಡೇರುವುದಿಲ್ಲ. ಇಂತಹ ಊರುಗಳಲ್ಲಿರುವ ಕನ್ನಡ ಸಂಘಗಳೂ ಓದುಬಲ್ಲ ನೆರೆಹೊರೆಯವರೂ ಆ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಬಹುದು.

ಪಾಲಕರು ಗಮನಿಸಬೇಕಾದ ಅಂಶಗಳು

1. ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಮಕ್ಕಳನ್ನು ಬಿಸಿಲಿಗೆ ಬಿಡಬಾರದು. ನಿಲ್ಲಿಸಿದ ವಾಹನದೊಳಗೆ ಕ್ಷಣಕಾಲವೂ ಒಂಟಿಯಾಗಿ ಬಿಡಬಾರದು.

2. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲಿಯೂ ತಾಯಿಯ ಹಾಲೇ ಸಾಕು. ಅದನ್ನು ಪದೇಪದೇ ಕುಡಿಸಬೇಕು. ದೊಡ್ಡ ಮಕ್ಕಳಿಗೆ ಬಾಯಾರಿಕೆಯಾಗದಿದ್ದರೂ ನೀರು, ಮಜ್ಜಿಗೆ ಕೊಡುತ್ತಿರಬೇಕು.

3. ವಾಂತಿ ಭೇದಿಯಾದಾಗ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಸೂಚಿಸಿದಷ್ಟು ಶುದ್ಧ ನೀರಿನಲ್ಲಿ ಕಲಸಿ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು.

4. ಮೈ ಬೆಂಕಿಯಂತೆ ಸುಟ್ಟು, ಮಗು ಮಂಕಾದರೆ ಅಥವಾ ಎಚ್ಚರ ತಪ್ಪಿದರೆ ನೆರಳಿಗೆ ಒಯ್ದು, ಒದ್ದೆ ಬಟ್ಟೆಯಿಂದ ಮೈಯನ್ನು ತಂಪುಗೊಳಿಸುತ್ತಲೇ 112ಕ್ಕೆ ಕರೆಮಾಡಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು.

2011ರ ಜನಗಣತಿಯಂತೆ ಭಾರತದಲ್ಲಿ ಆರು ವರ್ಷದವರೆಗಿನ ಮಕ್ಕಳ ಸಂಖ್ಯೆ 16 ಕೋಟಿಗೂ ಮಿಕ್ಕಿತ್ತು. ಸರ್ಕಾರದ ನೀತಿ, ಶಾಲೆಯ ವ್ಯವಸ್ಥೆ ಮತ್ತು ಮನೆಯ ಎಚ್ಚರ ಈ ಮೂರೂ ಕೂಡಿದಾಗ ಮಾತ್ರ ಇಂತಹ ಎಳೆಯ ಜೀವಗಳಿಗೆ ನಿಜವಾದ ರಕ್ಷಣೆ ದೊರೆಯುತ್ತದೆ.