ಯಾವ ಪೈಲಟ್ ಲೈಸೆನ್ಸ್? ಫೀಸು ಕಟ್ಟುವ ಮುನ್ನ

1. ಸಂಬಳಕ್ಕೋ, ಶೋಕಿಗೋ? ಮೊದಲು ಇದು ಇತ್ಯರ್ಥವಾಗಲಿ. ಖಾಸಗಿ ಹಾರಾಟದ ಪಿಪಿಎಲ್ 17 ವರ್ಷಕ್ಕೇ ಸಿಗುತ್ತದೆ, 40 ಗಂಟೆ ಹಾರಿದರೆ ಸಾಕು. ಗೆಳೆಯರನ್ನು ಕೂರಿಸಿಕೊಂಡು ಸುತ್ತಬಹುದು, ಅವರಿಂದ ಬಾಡಿಗೆ ಕೇಳುವಂತಿಲ್ಲ. ದುಡಿಮೆಗಾದರೆ ಸಿಪಿಎಲ್ಲೇ ಬೇಕು: 18 ವರ್ಷ, 200 ಗಂಟೆ.

2. ಮೆಡಿಕಲ್ ಮೊದಲು, ಫೀಸು ಆಮೇಲೆ. ಸಾಲ ಮಾಡಿ ಶಾಲೆಗೆ ಸೇರಿದ ಮೇಲೆ ಬಣ್ಣಗುರುಡು ಇದೆ ಎಂದು ತಿಳಿದರೆ ಯಾರನ್ನು ಕೇಳುತ್ತೀರಿ? ಪಿಪಿಎಲ್‌ಗೆ ಕ್ಲಾಸ್ 2 ಸಾಕು. ಸಿಪಿಎಲ್‌ಗೆ ಅದಕ್ಕಿಂತ ಬಿಗಿಯಾದ ಕ್ಲಾಸ್ 1 ತಪಾಸಣೆ. ಕನ್ನಡಕ ಹಾಕುವವರು ಅಂಜಬೇಕಿಲ್ಲ, ಕನ್ನಡಕದೊಂದಿಗೆ ದೃಷ್ಟಿ ಸರಿಯಿದ್ದರಾಯಿತು. ನನ್ನನ್ನು ಕೇಳಿದರೆ, ಗುರಿ ಸಿಪಿಎಲ್ ಆಗಿದ್ದಲ್ಲಿ ಕ್ಲಾಸ್ 1 ಕೈಗೆ ಬರುವವರೆಗೆ ದೊಡ್ಡ ಕಂತು ಕಟ್ಟಲೇಬೇಡಿ.

3. ನೇರ ಸಿಪಿಎಲ್‌ಗೆ ಹೋಗಬಹುದು. ನಮ್ಮಲ್ಲಿ ವಿದ್ಯಾರ್ಥಿ ಲೈಸೆನ್ಸ್‌ನಿಂದ ಸೀದಾ ಸಿಪಿಎಲ್ ಮಾಡುವವರೇ ಹೆಚ್ಚು. ನಡುವೆ ಪಿಪಿಎಲ್ ಪಡೆಯಲೇಬೇಕೆಂದಿಲ್ಲ.

4. ಶಾಲೆಯಲ್ಲಿ ವಿಮಾನ ಎಣಿಸಿ. ಜಕ್ಕೂರಿನ ಸರ್ಕಾರಿ ಶಾಲೆಯಿರಲಿ, ಹೊರರಾಜ್ಯದ ಖಾಸಗಿ ಶಾಲೆಯಿರಲಿ, ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಬೋಧಕರು ಎಷ್ಟು, ಸರತಿಯಲ್ಲಿರುವ ವಿದ್ಯಾರ್ಥಿಗಳು ಎಷ್ಟು ಎಂದು ಕೇಳಿ. ಕಳೆದ ವರ್ಷ ಸೇರಿದವರನ್ನು ಮಾತಾಡಿಸಿದರೆ ಇನ್ನೂ ಒಳ್ಳೆಯದು. ಕರಪತ್ರ ಹೇಳದ್ದನ್ನು ಅವರು ಹೇಳುತ್ತಾರೆ.

5. ಅಮೆರಿಕದ ಲೈಸೆನ್ಸ್ ಇಲ್ಲಿ ಹಾಗೇ ನಡೆಯದು. ಅಲ್ಲಿ ಕಮರ್ಷಿಯಲ್‌ಗೆ ಸಾಮಾನ್ಯವಾಗಿ 250 ಗಂಟೆ ಬೇಕು. ಅಷ್ಟು ಹಾರಿ ಬಂದರೂ ಭಾರತದಲ್ಲಿ ದುಡಿಯಲು ಇಲ್ಲಿನ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಪರೀಕ್ಷೆ ಬರೆದು ಲೈಸೆನ್ಸ್ ಬದಲಿಸಿಕೊಳ್ಳಬೇಕು. ಪಾಸಾಗಲು ಶೇ. 70 ಅಂಕ. ಹವಾಮಾನ, ನ್ಯಾವಿಗೇಷನ್ ಪತ್ರಿಕೆಗಳನ್ನು ಮೊದಲೇ ಮುಗಿಸಿ ವಿಮಾನ ಹತ್ತುವವರು ಜಾಣರು.

6. ಸಿಪಿಎಲ್ ಬಂತೆಂದು ಲೆಕ್ಕ ಮುಚ್ಚಬೇಡಿ. ಏರ್‌ಬಸ್ ಎ320 ಅಥವಾ ಬೋಯಿಂಗ್ 737 ಓಡಿಸಲು ಬೇರೆಯೇ ಟೈಪ್ ರೇಟಿಂಗ್ ಬೇಕು. ಅದಕ್ಕೂ ಲಕ್ಷಗಟ್ಟಲೆ ಖರ್ಚು. ಬಹಳ ಮನೆಗಳ ಬಜೆಟ್ ತಪ್ಪುವುದು ಇಲ್ಲೇ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್‌ಗೆ 21 ವರ್ಷ, 1500 ಗಂಟೆ. ಆ ಗಂಟೆಗಳು ಕೆಲಸ ಮಾಡುತ್ತಲೇ ಕೂಡುತ್ತವೆ.

7. ಹೆಲಿಕಾಪ್ಟರ್ ಬೇರೆ ದಾರಿ. ವಿಮಾನದ ಲೈಸೆನ್ಸ್ ಅಲ್ಲಿ ನಡೆಯದು.

8. ಡ್ರೋನ್ ಅನ್ನು ಹಗುರವಾಗಿ ಕಾಣಬೇಡಿ. ಹೊಲಕ್ಕೆ ಔಷಧ ಸಿಂಪಡಿಸುವುದು, ಜಮೀನಿನ ಸರ್ವೆ, ಇವೆಲ್ಲ ಸಂಪಾದನೆಯ ಕೆಲಸಗಳೇ. 2021ರ ಡ್ರೋನ್ ನಿಯಮದಂತೆ ರಿಮೋಟ್ ಪೈಲಟ್ ಪ್ರಮಾಣಪತ್ರಕ್ಕೆ 18 ತುಂಬಿ ಎಸ್‌ಎಸ್‌ಎಲ್‌ಸಿ ಪಾಸಾಗಿ, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮುಗಿಸಿದರೆ ಸಾಕು. 250 ಗ್ರಾಂ ಮೀರದ ನ್ಯಾನೋ ಡ್ರೋನ್‌ಗೆ ಅದೂ ಬೇಡ.