ಅನಸ್ತೇಷಿಯಾ ವಿಭಾಗದಲ್ಲಿ ಎರಡು ತಿಂಗಳು: ಎಂಬಿಬಿಎಸ್ ವಿದ್ಯಾರ್ಥಿಗೆ ಎಂಟು ಸೂತ್ರಗಳು

ವೈದ್ಯಕೀಯ ವಿದ್ಯಾರ್ಥಿಗಳು ಓದುವಾಗಲೇ ಸಂಶೋಧನೆಯ ರುಚಿ ನೋಡಲಿ ಎಂದು ಐಸಿಎಂಆರ್ 1979ರಿಂದ ಅಲ್ಪಾವಧಿ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಕಾಲೇಜುಗಳಲ್ಲಿ ಎಲ್ಲರೂ ಅದನ್ನು ಎಸ್‌ಟಿಎಸ್ ಎನ್ನುತ್ತಾರೆ. ಅವಧಿ ಎರಡೇ ತಿಂಗಳು. ಇಷ್ಟು ಕಡಿಮೆ ಕಾಲಕ್ಕೆ ಅನಸ್ತೇಷಿಯಾದಷ್ಟು ಒಪ್ಪುವ ವಿಭಾಗ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಬೇರೆ ಕಡೆ ಔಷಧದ ಪರಿಣಾಮ ತಿಳಿಯಲು ವಾರಗಟ್ಟಲೆ ಕಾಯಬೇಕು. ಇಲ್ಲಿ ಅದು ನಿಮಿಷಗಳಲ್ಲಿ ಮಾನಿಟರ್ ಮೇಲೆ ಕಾಣುತ್ತದೆ.

1. ಪ್ರಶ್ನೆ ಸಣ್ಣದಿರಲಿ. ‘ಸ್ಪೈನಲ್ ಅನಸ್ತೇಷಿಯಾದ ಅಡ್ಡಪರಿಣಾಮಗಳು’ ಎಂದು ಹೊರಟರೆ ಎರಡು ವರ್ಷವೂ ಸಾಲದು. ‘ಸಿಸೇರಿಯನ್‌ಗೆ ಸ್ಪೈನಲ್ ಕೊಟ್ಟ ಮೊದಲ 20 ನಿಮಿಷದಲ್ಲಿ ಎಷ್ಟು ತಾಯಂದಿರ ಬಿಪಿ ಇಳಿಯುತ್ತದೆ’ ಎಂಬುದು ಎರಡು ತಿಂಗಳಿಗೆ ಹೇಳಿ ಮಾಡಿಸಿದ ಪ್ರಶ್ನೆ. ‘ಇಳಿಯುವುದು’ ಎಂದರೆ ಏನೆಂಬುದನ್ನೂ ಮೊದಲೇ ಬರೆದಿಡಿ. ಒಬ್ಬರು ಸಿಸ್ಟೋಲಿಕ್ 100ಕ್ಕಿಂತ ಕೆಳಗೆ ಎನ್ನುತ್ತಾರೆ, ಇನ್ನೊಬ್ಬರು ಮೊದಲಿದ್ದುದರ ಶೇ. 80ಕ್ಕಿಂತ ಕೆಳಗೆ ಎನ್ನುತ್ತಾರೆ. ಅಂಕಿ ಕೈಗೆ ಬಂದ ಮೇಲೆ ಅನುಕೂಲಕರ ವ್ಯಾಖ್ಯೆ ಹುಡುಕುವುದು ಸಂಶೋಧನೆಯಲ್ಲ.

2. ಎಥಿಕ್ಸ್ ಕಮಿಟಿಯ ಪತ್ರ ಕೈಗೆ ಬರುವವರೆಗೆ ಒಬ್ಬ ರೋಗಿಯ ಮಾಹಿತಿಯನ್ನೂ ಸಂಗ್ರಹಿಸಬೇಡಿ. ಅರ್ಜಿಯನ್ನು ಆ ಎರಡು ತಿಂಗಳು ಶುರುವಾಗುವುದಕ್ಕೆ ಬಹಳ ಮುಂಚೆಯೇ ಹಾಕಿ.

3. ಮೊದಲ ಕೆಲವು ದಿನ ಪ್ರೊಫಾರ್ಮಾ ಪಕ್ಕಕ್ಕಿಟ್ಟು ಓಟಿಯಲ್ಲಿ ಸುಮ್ಮನೆ ನಿಲ್ಲಿ. ಕಣ್ಣಿನಷ್ಟೇ ಕಿವಿಗೂ ಕೆಲಸ ಕೊಡಿ. ಪಲ್ಸ್ ಆಕ್ಸಿಮೀಟರ್‌ನ ‘ಟಿಕ್ ಟಿಕ್’ ನಾಡಿಬಡಿತವನ್ನಷ್ಟೇ ಹೇಳುವುದಿಲ್ಲ. ರಕ್ತದ ಆಮ್ಲಜನಕ ಇಳಿದಂತೆ ಆ ಸದ್ದಿನ ಸ್ಥಾಯಿಯೂ ಇಳಿಯುತ್ತದೆ. ಬೆನ್ನು ತಿರುಗಿಸಿ ಸಿರಿಂಜಿಗೆ ಔಷಧ ತುಂಬುತ್ತಿರುವ ಡಾಕ್ಟರು ತಟ್ಟನೆ ತಿರುಗಿ ಮಾಸ್ಕ್ ಹಿಡಿಯುವುದು ಇದರಿಂದಲೇ. ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಸಾಧನದ ಹಿಂದಿನ ತತ್ತ್ವವನ್ನು ಜಪಾನಿನ ಟಕುವೊ ಅಒಯಾಗಿ ಮಂಡಿಸಿದ್ದು 1974ರಲ್ಲಿ. ಉಗುರಿಗೆ ನೇಲ್ ಪಾಲಿಶ್ ಇದ್ದರೆ, ಕೈ ತಣ್ಣಗಿದ್ದರೆ ಅದು ತಪ್ಪು ಅಂಕಿ ತೋರಿಸಬಹುದು. ಯಂತ್ರ ಯಾವಾಗ ತಪ್ಪುತ್ತದೆ ಎಂದು ತಿಳಿಯದವರು ಅದರ ಅಂಕಿಯನ್ನು ಬರೆದುಕೊಳ್ಳಬಾರದು.

4. ಗಡಿಯಾರ ಒಂದೇ ಇರಲಿ. ಓಟಿಯ ಗೋಡೆ ಗಡಿಯಾರ, ಮಾನಿಟರ್, ನಿಮ್ಮ ಮೊಬೈಲ್ ಈ ಮೂರೂ ಒಂದೇ ಸಮಯ ತೋರಿಸುವುದು ಅಪರೂಪ. ಸ್ಪೈನಲ್ ಆದ ಮೇಲೆ ಬಿಪಿ ಕೆಲವೇ ನಿಮಿಷಗಳಲ್ಲಿ ಕುಸಿಯಬಹುದು. ಸೂಜಿ ಹಾಕಿದ ಸಮಯವನ್ನು ಗೋಡೆ ನೋಡಿ, ಬಿಪಿಯ ಸಮಯವನ್ನು ಮಾನಿಟರ್ ನೋಡಿ ಬರೆದರೆ ನಿಮ್ಮ ಇಡೀ ಕೋಷ್ಟಕ ಹಾಳು. ಮಾನಿಟರ್‌ನ ಸಮಯಕ್ಕೇ ಅಂಟಿಕೊಳ್ಳಿ, ಕಫ್ ಎಷ್ಟು ನಿಮಿಷಕ್ಕೊಮ್ಮೆ ಉಬ್ಬಬೇಕೆಂದು ಪಿಜಿಗೆ ಮೊದಲೇ ಹೇಳಿ ಸೆಟ್ ಮಾಡಿಸಿ.

5. ರೋಗಿಯ ಜೊತೆ ಹಿಂದಿನ ದಿನವೇ ಮಾತಾಡಿ. ಟೇಬಲ್ ಮೇಲೆ ಮಲಗಿಸಿದ ಮೇಲೆ ಹಾಕಿಸಿಕೊಂಡ ಸಹಿ ಒಪ್ಪಿಗೆಯಲ್ಲ. ನೋವಿನ ಅಧ್ಯಯನವಾದರೆ ಸೊನ್ನೆಯಿಂದ ಹತ್ತರವರೆಗಿನ ಅಳತೆಯನ್ನೂ ಆಗಲೇ ವಿವರಿಸಬೇಕು. ಮಂಪರಿನಲ್ಲಿರುವ ಅಜ್ಜಿಗೆ ರಿಕವರಿಯಲ್ಲಿ ಹೋಗಿ ‘ಹತ್ತರಲ್ಲಿ ಎಷ್ಟು ನೋವು?’ ಎಂದರೆ ‘ಐತ್ರಿ ಯಪ್ಪಾ, ಭಾಳ ಐತ್ರಿ’ ಎಂದಾರೇ ಹೊರತು ಅಂಕಿ ಹೇಳುವುದಿಲ್ಲ. ಹಿಂದಿನ ಸಂಜೆ ಮಂಚದ ಪಕ್ಕ ಕೂತು, ಮುಖಗಳ ಚಿತ್ರವಿರುವ ಹಾಳೆ ತೋರಿಸಿ, ‘ನಾಳೆ ಇದರಾಗ ಯಾವುದು ಅಂತ ಬೆರಳು ಇಟ್ಟು ತೋರಿಸ್ರಿ ಅಮ್ಮಾ’ ಎಂದು ಹೇಳಿ ಬಂದಿದ್ದರೆ ಅದೇ ಅಜ್ಜಿ ಮರುದಿನ ಥಟ್ಟನೆ ತೋರಿಸುತ್ತಾರೆ. ಸುಮ್ಮನೆ ಮಲಗಿದ್ದಾಗ ಒಮ್ಮೆ, ಕೆಮ್ಮಿಸಿ ಇನ್ನೊಮ್ಮೆ ಕೇಳಿ. ಹೊಟ್ಟೆಯ ಆಪರೇಷನ್ ಆದವರಿಗೆ ಇವೆರಡರ ನಡುವೆ ಅಜಗಜಾಂತರ ಇರುತ್ತದೆ.

6. ಕಂಡದ್ದನ್ನೇ ಬರೆಯಿರಿ. ಈ ವಿಷಯದಲ್ಲಿ ಅನಸ್ತೇಷಿಯಾ ಕ್ಷೇತ್ರಕ್ಕೆ ಆಗಿರುವ ಗಾಯ ದೊಡ್ಡದು. ಆಪರೇಷನ್ ನಂತರದ ವಾಂತಿ ತಡೆಯುವ ಔಷಧಗಳ ಮೇಲೆ ರಾಶಿರಾಶಿ ಪ್ರಬಂಧ ಬರೆದಿದ್ದ ಜಪಾನಿನ ಯೋಶಿತಾಕ ಫುಜಿಯವರ 212 ಪ್ರಬಂಧಗಳನ್ನು ಅಲ್ಲಿನ ಅರಿವಳಿಕೆ ತಜ್ಞರ ಸಂಘ ಪರಿಶೀಲಿಸಿ, 172ರಲ್ಲಿ ಸುಳ್ಳು ಅಂಕಿಗಳಿವೆ ಎಂದು 2012ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನ ಅರಿವಳಿಕೆ ತಜ್ಞ ಜಾನ್ ಕಾರ್ಲೈಲ್, ಫುಜಿ ಪ್ರಯೋಗಗಳಲ್ಲಿ ವಯಸ್ಸು, ಎತ್ತರ, ತೂಕದಂಥ ಸಾಮಾನ್ಯ ಅಂಕಿಗಳು ಹಂಚಿಕೆಯಾದ ರೀತಿ ಆಕಸ್ಮಿಕವಾಗಿ ಆಗುವಂಥದ್ದಲ್ಲ ಎಂದು ಲೆಕ್ಕ ಹಾಕಿ ತೋರಿಸಿದರು. ಆ ಪ್ರಬಂಧಗಳನ್ನು ನಂಬಿ ಎಷ್ಟು ಕಡೆ ಎಷ್ಟು ರೋಗಿಗಳಿಗೆ ಔಷಧ ಕೊಟ್ಟಿರಬಹುದು, ಯೋಚಿಸಿ. ಆದ್ದರಿಂದ ಒಂದು ರೀಡಿಂಗ್ ತಪ್ಪಿಹೋದರೆ ಆ ಜಾಗ ಖಾಲಿ ಬಿಡಿ, ಕಾರಣ ಬರೆಯಿರಿ. ‘ಸುಮಾರು 110 ಇತ್ತು’ ಎಂದು ತುಂಬಬೇಡಿ. ತಿದ್ದುಪಡಿಯಿದ್ದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸಹಿ, ದಿನಾಂಕ ಹಾಕಿ. ವೈಟ್ನರ್ ಬೇಡವೇ ಬೇಡ.

7. ಪ್ರಶ್ನೆ ಕೇಳಲು ಹೊತ್ತು ನೋಡಿ. ರೋಗಿಯನ್ನು ಮಲಗಿಸುವಾಗ, ಎಬ್ಬಿಸುವಾಗ ಬಾಯಿ ಮುಚ್ಚಿಕೊಂಡಿರಿ. ನಡುವಿನ ಶಾಂತ ಹೊತ್ತಿನಲ್ಲಿ ಏನು ಬೇಕಾದರೂ ಕೇಳಿ, ಓಟಿ ಟೆಕ್ನಿಷಿಯನ್ನರನ್ನೂ ಕೇಳಿ. ವೇಪರೈಸರ್, ಸೋಡಾ ಲೈಮ್, ಸರ್ಕ್ಯೂಟ್ ಬಗ್ಗೆ ಅವರ ಕೈಗೆ ತಿಳಿದಿರುವಷ್ಟು ಪುಸ್ತಕದಲ್ಲಿಲ್ಲ.

8. ಅಂದಂದಿನ ಕೇಸುಗಳನ್ನು ಅಂದೇ ಸಂಜೆ ಎಕ್ಸೆಲ್‌ಗೆ ಏರಿಸಿ, ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕಿ. ವಾರಕ್ಕೊಮ್ಮೆ ಗೈಡ್ ಮುಂದೆ ಇಡಿ, ಅವರು ಕರೆಯಲಿ ಎಂದು ಕಾಯಬೇಡಿ. ವರದಿಯ ವಿಧಾನಗಳ ಭಾಗವನ್ನು ಕೆಲಸ ನಡೆಯುತ್ತಿರುವಾಗಲೇ ಬರೆದು ಮುಗಿಸಿ. ಹೋಲಿಸಿದ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲವೆಂದರೆ ಹಾಗೆಂದೇ ಬರೆದು ಸಲ್ಲಿಸಿ. ಕೊನೆಯ ದಿನ ಪ್ರೊಫಾರ್ಮಾಗಳ ಕಟ್ಟನ್ನು ಕ್ರಮವಾಗಿ ಜೋಡಿಸಿ ವಿಭಾಗಕ್ಕೇ ಒಪ್ಪಿಸಿ. ಮುಂದಿನ ವರ್ಷ ಬರುವ ಜೂನಿಯರ್ ಅಲ್ಲಿಂದಲೇ ತನ್ನ ಪ್ರಶ್ನೆ ಹುಡುಕಿಕೊಳ್ಳಬಹುದು.